ಗಾಳಿಯ ಮಾತು ಯಾಕೆ ಬಂತು?

ಎಲ್ಲರಿಗೂ ನಮಸ್ಕಾರ.

ಹಿಂದಿನ ಸಾಲಿಗೆ ಕೇಳಿಸುತ್ತಿದೆ ಅಲ್ವಾ? ಮೈಕು ಆಗಾಗ ಕುಂಯ್ ಅನ್ನುತ್ತಿದೆ. ಇರಲಿ ಬಿಡಿ, ಇವತ್ತಿನ ವಿಷಯಕ್ಕೆ ಸರಿಯಾಗಿಯೇ ಇದೆ.

ನನಗೆ ಕೊಟ್ಟಿರುವ ವಿಷಯ 'ದಿಗಿಲು ಹುಟ್ಟಿಸುವ ಕಥೆಗಳಲ್ಲಿ ಪಾತ್ರ ಮತ್ತು ವಾತಾವರಣ'. ಇದರಲ್ಲಿ ನನ್ನ ತಕರಾರು ಇರುವುದು 'ಮತ್ತು' ಅನ್ನುವ ಪದದ ಮೇಲೆ. ಪಾತ್ರ ಒಂದು ಕಡೆ, ವಾತಾವರಣ ಇನ್ನೊಂದು ಕಡೆ, ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿ ಕೊನೆಗೆ ಕಲಸಿದರೆ ಕಥೆ ಆಗುತ್ತದೆ ಅಂತ ಈ ಪದ ನಮ್ಮನ್ನು ನಂಬಿಸುತ್ತದೆ. ಹಾಗಿಲ್ಲ. ಬಂದಿರುವುದೇ ಈ ಜಗಳ ಆಡುವುದಕ್ಕೆ.

ಈಚೆಗೆ ಒಂದು ಕಥಾಸ್ಪರ್ಧೆಯ ತೀರ್ಪುಗಾರರಲ್ಲಿ ನಾನೂ ಒಬ್ಬನಾಗಿದ್ದೆ. ಒಂದು ಕಟ್ಟು ದೆವ್ವದ ಕಥೆಗಳು ಮನೆಗೆ ಬಂದವು. ಮಳೆ ಸುರಿಯುತ್ತಿತ್ತು. ಮಿಂಚು ಹೊಡೆಯಿತು. ಕರೆಂಟು ಹೋಯಿತು. ದೂರದಲ್ಲಿ ಎಲ್ಲೋ ನಾಯಿ ಊಳಿಟ್ಟಿತು. ಆ ನಾಯಿಯ ಬಗ್ಗೆ ನನಗೆ ನಿಜಕ್ಕೂ ಕನಿಕರ ಬಂತು. ಅಷ್ಟು ಕಥೆಗಳಲ್ಲಿ ಊಳಿಟ್ಟು ಅದರ ಗಂಟಲು ಕಟ್ಟಿರಬೇಕು. ಇಷ್ಟೆಲ್ಲ ಆದಮೇಲೆ ಒಬ್ಬ ಮನುಷ್ಯ ಬರುತ್ತಾನೆ. ಅವನಿಗೊಂದು ಹೆಸರಿದೆ, ಕೈಯಲ್ಲಿ ಟಾರ್ಚ್ ಇದೆ. ಅವನ ಬಗ್ಗೆ ನಮಗೆ ಗೊತ್ತಾಗುವುದು ಅಷ್ಟೇ. ಅವನು ಸತ್ತರೆ ನನಗೇನು? ಟಾರ್ಚ್ ಹಾಳಾಯಿತಲ್ಲ ಅನ್ನಿಸುತ್ತದೆ.

ಈ ಮಳೆ-ನಾಯಿ ಪಟ್ಟಿ ಹೊಸದೇನಲ್ಲ. ಭಯಾನಕ ರಸ ಯಾವುದರಿಂದ ಹುಟ್ಟುತ್ತದೆ ಅಂತ ಹೇಳುವಾಗ ನಾಟ್ಯಶಾಸ್ತ್ರದಲ್ಲಿ ಭರತನೇ ವಿಕಾರವಾದ ಕೂಗು, ನರಿ, ಗೂಬೆ, ಪಾಳುಮನೆ, ಕಾಡು ಎಲ್ಲವನ್ನೂ ಹೇಳಿದ್ದಾನೆ. ನಮ್ಮ ಕಥೆಗಾರರು ಗೂಬೆಯನ್ನು ಬಿಟ್ಟು ನಾಯಿಯನ್ನು ಹಿಡಿದುಕೊಂಡರು, ಅಷ್ಟೇ ವ್ಯತ್ಯಾಸ. ಆದರೆ ಭರತ ಅಲ್ಲಿಗೇ ನಿಲ್ಲಿಸುವುದಿಲ್ಲ. ಕೈಕಾಲು ನಡುಗಬೇಕು, ಮೈ ನವಿರೇಳಬೇಕು, ಮುಖದ ಬಣ್ಣ ಕೆಡಬೇಕು, ದನಿ ಒಡೆಯಬೇಕು ಅಂತ ಮುಂದಿನ ಪಟ್ಟಿಯನ್ನೂ ಕೊಡುತ್ತಾನೆ. ಅಂದರೆ ಗೂಬೆ ಕೂಗಿದರೆ ಸಾಲದು, ಅದನ್ನು ಕೇಳುವ ಕಿವಿಯೊಂದು ರಂಗದ ಮೇಲೆ ಇರಬೇಕು. ನಾವು ಮೊದಲ ಪಟ್ಟಿಯನ್ನು ಇಟ್ಟುಕೊಂಡು ಎರಡನೆಯದನ್ನು ಕಳೆದುಕೊಂಡಿದ್ದೇವೆ. ಕೇಳುತ್ತಿರುವುದು ಯಾರ ಕಿವಿ? ಇವತ್ತು ಈ ಪ್ರಶ್ನೆಯನ್ನು ನಾಲ್ಕೈದು ಸಲ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿನ್ನೆಯೇ ನಿಮಗೆಲ್ಲ ಕಥೆಯ ಪ್ರತಿ ಕೊಟ್ಟಿದ್ದಾರೆ. ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ 1902ರಲ್ಲಿ ಪ್ರಕಟಿಸಿದ 'ದಿ ಮಂಕೀಸ್ ಪಾ'. ಕೋತಿಯ ಒಣಗಿದ ಪಂಜ, ಮೂರು ಕೋರಿಕೆ. ಕಥೆ ಗೊತ್ತಿಲ್ಲದವರು ಇಲ್ಲಿ ಯಾರೂ ಇರಲಾರರು, ಆದರೂ ಎರಡು ಮಾತಲ್ಲಿ ನೆನಪಿಸುತ್ತೇನೆ. ಸೈನಿಕ ಗೆಳೆಯನೊಬ್ಬ ತಂದ ಪಂಜದ ಹತ್ತಿರ ಅಪ್ಪ 200 ಪೌಂಡ್ ಕೇಳುತ್ತಾನೆ. ಮರುದಿನ ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರ ಅಂತ ಬರುವುದು ಅಷ್ಟೇ ದುಡ್ಡು. ಆಮೇಲೆ ಅಮ್ಮನ ಒತ್ತಾಯಕ್ಕೆ ಮಗ ಬದುಕಿ ಬರಲಿ ಅಂತ ಕೇಳುತ್ತಾನೆ, ರಾತ್ರಿ ಬಾಗಿಲು ಬಡಿಯುತ್ತದೆ. ಮೊದಲ ಪುಟ ತೆಗೆಯಿರಿ.

ಚಳಿಯ ರಾತ್ರಿ, ಹೊರಗೆ ಮಳೆ. ಹೌದು, ಇಲ್ಲೂ ಮಳೆ ಇದೆ! ನನ್ನ ಸ್ಪರ್ಧೆಯ ಕಥೆಗಾರರು ಈಗ ನನ್ನ ಕಡೆ ನೋಡಿ ನಗಬಹುದು. ಆದರೆ ಜೇಕಬ್ಸ್ ಮಳೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿ ನೇರ ಒಳಗೆ ಬರುತ್ತಾನೆ. ಒಳಗೆ ಬೆಂಕಿ ಉರಿಯುತ್ತಿದೆ. ಅಪ್ಪ, ಮಗ ಚದುರಂಗ ಆಡುತ್ತಿದ್ದಾರೆ, ಅಮ್ಮ ಹೆಣಿಗೆ ಹಾಕುತ್ತಿದ್ದಾಳೆ. ಅಪ್ಪ ಸುಮ್ನೆ ಆಡುವವನಲ್ಲ. ಬೇಡದಿದ್ದರೂ ರಾಜನನ್ನು ಅಪಾಯಕ್ಕೆ ನೂಕುತ್ತಾನೆ. ಒಂದು ತಪ್ಪು ನಡೆ ಇಟ್ಟುಬಿಡುತ್ತಾನೆ. ಇಟ್ಟ ಮೇಲೆ ಗೊತ್ತಾಗುತ್ತದೆ. ತಕ್ಷಣ ಅವನು ಏನು ಮಾಡುತ್ತಾನೆ? 'ಗಾಳಿಯ ಸದ್ದು ಕೇಳು' ಅನ್ನುತ್ತಾನೆ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಈ ಗಾಳಿ ವಾತಾವರಣಕ್ಕೆ ಅಂತ ಬೀಸಿದ್ದಲ್ಲ. ಮಗನ ಕಣ್ಣು ಮಣೆಯ ಮೇಲೆ ಬೀಳದಿರಲಿ ಅಂತ ಅಪ್ಪ ಹೂಡಿದ ಆಟ. ಮಗ ಬಲು ಚುರುಕು. 'ಕೇಳಿಸುತ್ತಿದೆ' ಅನ್ನುತ್ತಾ ಮಣೆಯನ್ನೇ ನೋಡಿ 'ಚೆಕ್' ಅನ್ನುತ್ತಾನೆ, ಆಮೇಲೆ 'ಮೇಟ್' ಅನ್ನುತ್ತಾನೆ. ಸೋತ ಅಪ್ಪ ಸಿಟ್ಟನ್ನು ಊರಿನ ಮೇಲೆ ತೀರಿಸಿಕೊಳ್ಳುತ್ತಾನೆ: ಎಂಥ ದರಿದ್ರ ಜಾಗ, ದಾರಿಯೆಲ್ಲ ಕೆಸರು, ರಸ್ತೆಯೇ ಹೊಳೆ, ಇಡೀ ರಸ್ತೆಯಲ್ಲಿ ಬಾಡಿಗೆಗೆ ಹೋಗಿರುವುದು ಎರಡೇ ಮನೆ. ಅಮ್ಮ ಸಮಾಧಾನ ಮಾಡುತ್ತಾಳೆ, ಮುಂದಿನ ಆಟ ನೀವೇ ಗೆಲ್ಲಬಹುದು ಬಿಡಿ ಅಂತ. ತಾಯಿ, ಮಗ ಒಬ್ಬರ ಮುಖ ಒಬ್ಬರು ನೋಡಿ ಒಳಗೊಳಗೇ ನಗುವುದನ್ನೂ ಅಪ್ಪ ಹಿಡಿಯುತ್ತಾನೆ.

ಈಗ ಹೇಳಿ. ಗಾಳಿ, ಕೆಸರು, ಖಾಲಿ ರಸ್ತೆ, ಒಂಟಿ ಮನೆ, ವಾತಾವರಣ ಪೂರ್ತಿ ಬಂತು. ಒಂದನ್ನೂ ಕಥೆಗಾರ ವರ್ಣಿಸಲಿಲ್ಲ. ಎಲ್ಲ ಬಂದದ್ದು ಸೋತ ಮನುಷ್ಯನೊಬ್ಬನ ಬಾಯಿಂದ. ಅದರ ಜೊತೆಗೇ ಅವನ ಜಾತಕವೂ ಬಂತು. ಬೇಡದ ಅಪಾಯಕ್ಕೆ ಕೈಹಾಕುವವನು, ತಪ್ಪು ಗೊತ್ತಾದಾಗ ಬೇರೆಯವರ ಕಣ್ಣು ತಪ್ಪಿಸುವವನು. ಪಂಜ ಇನ್ನೂ ಮನೆಗೆ ಬಂದೇ ಇಲ್ಲ ನೋಡಿ. ಸೈನಿಕ ಗೆಳೆಯ ಅದನ್ನು ಬೆಂಕಿಗೆ ಎಸೆದಾಗ ಈ ಮನುಷ್ಯನಲ್ಲದೆ ಇನ್ಯಾರು ಅದನ್ನು ಎತ್ತಿಕೊಳ್ಳುತ್ತಾರೆ?

ಒಂದು ಅಡ್ಡಮಾತು. ಜೇಕಬ್ಸ್‌ಗೆ ಹೆಸರು ಬಂದದ್ದು ಹಡಗಿನವರ ಬಗ್ಗೆ ಬರೆದ ತಮಾಷೆಯ ಕಥೆಗಳಿಂದ. ನನಗೆ ಇದರಿಂದ ಆಶ್ಚರ್ಯ ಆಗುವುದಿಲ್ಲ. ನಗಿಸುವವನಿಗೆ ಯಾವ ಮಾತನ್ನು ಎಷ್ಟು ಹೊತ್ತು ತಡೆದಿಡಬೇಕು ಅಂತ ಗೊತ್ತಿರುತ್ತದೆ. ಹೆದರಿಸುವವನಿಗೂ ಬೇಕಾದ್ದು ಅದೇ. ಇಲ್ಲಿ ಜಾಸ್ತಿ ತಮಾಷೆ ಮಾಡುವವನು ಮಗ. ಮನೆಯ ಸಾಲಕ್ಕೆ 200 ಪೌಂಡ್ ಕೇಳಿ ಅಂತ ಸೂಚಿಸುವವನೂ ಅವನೇ. ಕೇಳಿದ ಮೇಲೆ ದುಡ್ಡು ಕಾಣಿಸಲಿಲ್ಲ, ನಾನಂತೂ ಅದನ್ನು ನೋಡಲಾರೆ ಬಿಡಿ ಅಂತ ನಗುವವನೂ ಅವನೇ. ಸರಿ, ಅವನು ನೋಡಲಿಲ್ಲ.

ಇನ್ನೊಂದು ಜಾಗ ತೋರಿಸಬೇಕು. ಮರುದಿನ ಕಾರ್ಖಾನೆಯಿಂದ ಒಬ್ಬ ಬರುತ್ತಾನೆ. ಗೇಟಿನ ಹತ್ತಿರ ಮೂರು ಸಲ ನಿಂತು ಮುಂದೆ ಹೋಗುತ್ತಾನೆ, ನಾಲ್ಕನೆಯ ಸಲ ಒಳಗೆ ಬರುತ್ತಾನೆ. ಇದನ್ನು ನೋಡುತ್ತಿರುವುದು ಯಾರ ಕಣ್ಣು? ಅಮ್ಮನದು. ಅವಳ ಕಣ್ಣು ಹೋಗುವುದು ಅವನ ಹೊಸ ರೇಷ್ಮೆ ಟೋಪಿಯ ಮೇಲೆ. ಅವಳ ತಲೆಯಲ್ಲಿ 200 ಪೌಂಡ್ ಇದೆ. ಅವಸರದಲ್ಲಿ ಏಪ್ರನ್ ಬಿಚ್ಚಿ ಕುರ್ಚಿಯ ದಿಂಬಿನ ಕೆಳಗೆ ತುರುಕುತ್ತಾಳೆ, ಗಂಡನ ಹಳೇ ಕೋಟಿಗೆ ಕ್ಷಮೆ ಕೇಳುತ್ತಾಳೆ. ಬಂದವನು ಬಗ್ಗಿ ತನ್ನ ಪ್ಯಾಂಟಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ತೆಗೆಯುತ್ತಾನೆ.

ಆ ಎಳೆಯನ್ನು ಓದುವಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ. ಹಗಲು, ಬಿಸಿಲು, ಗುಡಿಸಿ ಇಟ್ಟ ಕೋಣೆ. ನಾಯಿಯೂ ಇಲ್ಲ, ನರಿಯೂ ಇಲ್ಲ. ಹೇಳಲಾಗದ ಸುದ್ದಿ ಇಟ್ಟುಕೊಂಡ ಒಬ್ಬ ಮನುಷ್ಯ, ಒಳ್ಳೆಯ ಸುದ್ದಿಗೆ ಕಾದು ಕೂತ ಒಬ್ಬ ತಾಯಿ, ನಡುವೆ ಒಂದು ಹತ್ತಿಯ ಎಳೆ.

ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೆ ಹೇಳದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಒಮ್ಮೆ ಈ ಕಥೆಯನ್ನು ತರಗತಿಯಲ್ಲಿ ಪಾಠ ಮಾಡಿದೆ. ಕೊನೆಯಲ್ಲಿ ಬಾಗಿಲು ಬಡಿಯುತ್ತದಲ್ಲ, ಹೊರಗೆ ನಿಂತದ್ದು ಹೇಗಿತ್ತು ಅಂತ ಕಥೆಗಾರ ಹೇಳುವುದೇ ಇಲ್ಲ. ಅದನ್ನು ನೀವು ಬರೆಯಿರಿ ಅಂತ ಮಕ್ಕಳಿಗೆ ಹೇಳಿದೆ. ಅಯ್ಯೋ, ಅದೇನು ಉತ್ಸಾಹ! ಕಳಚಿದ ದವಡೆ ಬಂತು, ಹುಳ ಬಂತು, ಒಬ್ಬನಂತೂ ಕರುಳನ್ನು ಮಫ್ಲರ್ ಥರ ಸುತ್ತಿಸಿದ್ದ. ಓದಿ ಹೇಳುತ್ತಿದ್ದ ಹಾಗೆ ಇಡೀ ತರಗತಿ ಬಿದ್ದು ಬಿದ್ದು ನಗತೊಡಗಿತು. ನಾನೂ ನಕ್ಕೆ. ವಿವರ ಜಾಸ್ತಿ ಆದಷ್ಟೂ ನಗು ಜಾಸ್ತಿ. ಕೊನೆಯಲ್ಲಿ ಮೂಲೆಯಲ್ಲಿ ಕೂರುವ ಹುಡುಗಿಯೊಬ್ಬಳು, ವರ್ಷವಿಡೀ ಬಾಯಿ ಬಿಟ್ಟವಳಲ್ಲ, ಎದ್ದು ನಿಂತು ಎರಡು ಸಾಲು ಓದಿದಳು. 'ಬೀಗದ ಕೈ ಅವನ ಜೇಬಿನಲ್ಲೇ ಇತ್ತು. ಜೇಬು ಅಂದರೆ ಏನು ಅನ್ನುವುದು ಮರೆತುಹೋಗಿತ್ತು.'

ನಗು ನಿಂತಿತು. ಫ್ಯಾನಿನ ಸದ್ದು ಅವತ್ತು ಮೊದಲ ಸಲ ಕೇಳಿಸಿತು.

ಎಷ್ಟೋ ದಿನ ಯೋಚಿಸಿದೆ, ಆ ಎರಡು ಸಾಲಿಗೆ ಯಾಕೆ ಅಷ್ಟು ಹೆದರಿದೆವು ಅಂತ. ಉಳಿದವರೆಲ್ಲ ಹೊರಗೆ ನಿಂತ ಹೆಣವನ್ನು ಬರೆದಿದ್ದರು. ಅವಳು ಹೊರಗೆ ನಿಂತ ಹುಡುಗನನ್ನು ಬರೆದಿದ್ದಳು. ಮನೆಗೆ ಬಂದಿದ್ದಾನೆ ಪಾಪ, ಒಳಗೆ ಹೇಗೆ ಬರಬೇಕು ಅಂತ ಗೊತ್ತಾಗುತ್ತಿಲ್ಲ. ಅವನು ಪಾತ್ರ. ಕತ್ತಲೆ ತಾನಾಗಿ ಬಂತು. ಅವಳು ಕತ್ತಲೆ ಅನ್ನುವ ಪದವನ್ನೇ ಬಳಸಿರಲಿಲ್ಲ.

ಭಯದ ಬಗ್ಗೆ ಭರತನ ಇನ್ನೊಂದು ಮಾತಿದೆ, ಅದು ಹೆಂಗಸರ ಮತ್ತು ಕೀಳು ಸ್ವಭಾವದವರ ಭಾವ ಅಂತ. ಅವನನ್ನು ಈ ಕಥೆಯ ಬಾಗಿಲ ಹತ್ತಿರ ನಿಲ್ಲಿಸಬೇಕು. ನಡುರಾತ್ರಿ ಬಾಗಿಲು ಬಡಿದಾಗ ಕೋಣೆಗೆ ಓಡಿಬಂದು ಬಾಗಿಲು ಹಾಕಿಕೊಳ್ಳುವವನು ಅಪ್ಪ. ಮೆಟ್ಟಿಲಿಳಿದು ಓಡುವವಳು ಅಮ್ಮ. ನಾನು ಸಾಕಿದ ಮಗನಿಗೆ ನಾನು ಹೆದರಲೇ ಅಂತ ಅವಳು ಮೊದಲೇ ಕೇಳಿದ್ದಾಳೆ. ಯಾಕೆ ಈ ವ್ಯತ್ಯಾಸ? ಯಂತ್ರಕ್ಕೆ ಸಿಕ್ಕಿದ ಮೈಯನ್ನು ನೋಡಿದವನು ಅಪ್ಪ, ಬಟ್ಟೆಯಿಂದ ಗುರುತು ಹಿಡಿದವನು. ಅಮ್ಮ ನೋಡಿಲ್ಲ. ಒಂದೇ ಸದ್ದು, ಎರಡು ಕಿವಿ. ಒಂದು ಕಿವಿಗೆ ಅದು ಮಗ, ಇನ್ನೊಂದಕ್ಕೆ ಏನೋ ಬೇರೆ. ಆ ಮನೆಯ ವಾತಾವರಣ ಇರುವುದು ಈ ಎರಡು ಕಿವಿಗಳ ನಡುವಿನ ಮೆಟ್ಟಿಲುಗಳ ಮೇಲೆ.

ಚೀಟಿ ಬಂತು. ಐದು ನಿಮಿಷ ಅಂತೆ. ನನ್ನ ಹತ್ತಿರ ಇನ್ನೂ ಆರು ಅಂಶ ಇವೆ, ಆಯೋಜಕರು ಕ್ಷಮಿಸಬೇಕು, ಎರಡನ್ನು ಹಾರಿಕೊಂಡು ಹೇಳುತ್ತೇನೆ, ನಾಲ್ಕನ್ನು ಬಿಡುತ್ತೇನೆ.

ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ 'ದಿ ಟೆಲ್-ಟೇಲ್ ಹಾರ್ಟ್' ನೋಡಿ. ಕೊಲೆಗಾರನೇ ಕಥೆ ಹೇಳುತ್ತಾನೆ, ನನಗೆ ಹುಚ್ಚಿಲ್ಲ ಅಂತ ವಾದ ಮಾಡುತ್ತಲೇ ಶುರು ಮಾಡುತ್ತಾನೆ. ಹಲಗೆಯ ಕೆಳಗೆ ಎದೆ ಬಡಿತ ಕೇಳುವುದು ಅವನೊಬ್ಬನಿಗೆ. ಎದುರಿಗೆ ಪೊಲೀಸರು ಹಾಯಾಗಿ ಹರಟೆ ಹೊಡೆಯುತ್ತಿದ್ದಾರೆ. ಯಾರ ಕಿವಿ? ಇಷ್ಟು ಸಾಕು.

ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ 1892ರಲ್ಲಿ ಪ್ರಕಟಿಸಿದ 'ದಿ ಯೆಲ್ಲೋ ವಾಲ್‌ಪೇಪರ್' ಇದಕ್ಕಿಂತ ಜಾಣತನದ್ದು. ಕಾಯಿಲೆಯ ಹೆಂಗಸನ್ನು ವೈದ್ಯನಾದ ಗಂಡ ಒಂದು ಕೋಣೆಯಲ್ಲಿ ಇಟ್ಟಿದ್ದಾನೆ. ಕಿಟಕಿಗೆ ಸರಳು, ಗೋಡೆಯಲ್ಲಿ ಕಬ್ಬಿಣದ ಬಳೆ, ಮಂಚಕ್ಕೆ ಮೊಳೆ ಹೊಡೆದು ನೆಲಕ್ಕೆ ಬಿಗಿದಿದ್ದಾರೆ. ಮೊದಲು ಇದು ಮಕ್ಕಳ ಕೋಣೆ ಆಗಿತ್ತೇನೋ ಅಂದುಕೊಳ್ಳುತ್ತಾಳೆ ಅವಳು. ಓದುವ ನಮಗೆ ಹಾಗೆ ಅನ್ನಿಸುವುದಿಲ್ಲ. ಅವಳ ಕಣ್ಣಿಗೂ ನಮ್ಮ ಕಣ್ಣಿಗೂ ನಡುವೆ ಒಂದು ಸಂದು ಬಿತ್ತಲ್ಲ, ದಿಗಿಲು ನುಗ್ಗುವುದು ಅಲ್ಲಿಂದ. ಇದರ ಬಗ್ಗೆ ಒಂದು ಗಂಟೆ ಮಾತಾಡಬಹುದಿತ್ತು. ಇನ್ನೊಮ್ಮೆ ಕರೆದರೆ ನೋಡೋಣ.

ಎರಡನೇ ಚೀಟಿ. ಆಯಿತು, ಆಯಿತು. ನಿಮ್ಮ ಕೈಯಲ್ಲಿರುವ ಪ್ರತಿಯ ಕೊನೆಯ ಪುಟ ತೆಗೆಯಿರಿ, ಅಲ್ಲಿಗೆ ಮುಗಿಸುತ್ತೇನೆ.

ಕೆಳಗೆ ಅಮ್ಮ ಅಗುಳಿ ಎಟುಕದೆ ಕುರ್ಚಿ ಎಳೆದುಕೊಂಡು ಹತ್ತುತ್ತಿದ್ದಾಳೆ. ಮೇಲೆ ಕತ್ತಲಲ್ಲಿ ಅಪ್ಪ ನೆಲ ತಡವಿ ಪಂಜ ಹುಡುಕುತ್ತಿದ್ದಾನೆ. ಸಿಗುತ್ತದೆ. ಮೂರನೆಯ ಕೋರಿಕೆ ಕೇಳುತ್ತಾನೆ. ಏನು ಕೇಳಿದ ಅಂತ ಜೇಕಬ್ಸ್ ಬರೆದಿಲ್ಲ, ಹೆಂಡತಿಗೂ ಕೇಳಿಸಿಲ್ಲ. ಬಡಿತ ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ. ಆಗ ತಣ್ಣನೆಯ ಗಾಳಿ ಮೆಟ್ಟಿಲ ಮೇಲಕ್ಕೆ ನುಗ್ಗುತ್ತದೆ.

ಮೊದಲ ಪುಟದ ಗಾಳಿ ನೆನಪಿದೆಯಲ್ಲ? ಅವತ್ತು ಮಗನಿಗೆ ತಿಳಿಯದ ಹಾಗೆ ಒಂದು ನಡೆ. ಇವತ್ತು ಹೆಂಡತಿಗೆ ತಿಳಿಯದ ಹಾಗೆ ಇನ್ನೊಂದು ನಡೆ. ಅವಳ ಚೀರಾಟ ಕೇಳಿ ಕೆಳಗೆ ಓಡಿ, ಗೇಟಿನ ತನಕ ಹೋಗಿ ನೋಡುತ್ತಾನೆ. ಬೀದಿದೀಪ ಮಿಣುಕುತ್ತಿದೆ. ಅವತ್ತು ಅವನೇ ಬೈದಿದ್ದ ಅದೇ ರಸ್ತೆ, ಖಾಲಿ. ಈ ಸಲ ಗಾಳಿಯ ಬಗ್ಗೆ ಅವನು ಯಾರಿಗೂ ಏನೂ ಹೇಳುವುದಿಲ್ಲ.