ಮುರುಗಲ ತುಪ್ಪವೂ ನೇಲ್ ಪಾಲಿಶೂ

ಕೇಳುಗರೆಲ್ಲರಿಗೂ ನಮಸ್ಕಾರ.

ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮಲೆನಾಡಿನ ಹೆಂಗಸರ ಕೈ ನೋಡಬೇಕು. ಹಸಿ ಅಡಿಕೆಯ ಚೊಗರು ಬೆರಳ ಸಂದಿಗೆ, ಉಗುರಿನ ಬುಡಕ್ಕೆ ಇಳಿದು ಕಪ್ಪಗೆ ಕೂತುಬಿಟ್ಟಿರುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಅಂಥ ಕೈಗೆ ನೇಲ್ ಪಾಲಿಶ್ ಹಚ್ಚಿಕೊಂಡು ಒಬ್ಬಳು ಮದುವೆಮನೆಗೆ ಬಂದಳೋ, ‘ಇವಳಿಗ್ಯಾಕೆ ಬೇಕಿತ್ತು ಈ ಶೋಕಿ’ ಎಂದು ಹಿಂದಿನ ಸಾಲಿನಿಂದ ಒಂದು ಮಾತು ಬಂದೇ ಬರುತ್ತದೆ. ಹಾಗಂದವರ ಮೀಸೆಗೆ ಅವತ್ತು ಬೆಳಿಗ್ಗೆಯಷ್ಟೇ ಡೈ ಆಗಿರುತ್ತದೆ, ಆ ಮಾತು ಬಿಡಿ.

ಚೆಂದದ ಸಾಮಾನೆಲ್ಲ ಪೇಟೆಯಿಂದ ಬಂದ ಚಟ ಎನ್ನುವವರು ಅಜ್ಜಿಯರ ಕಾಲವನ್ನು ಮರೆತಿರಬೇಕು. ಮುರುಗಲ, ಅಂದರೆ ಕೋಕಂ ಹಣ್ಣಿನ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡು ತೆಗೆದಿಟ್ಟರೆ ಅದು ಆರಿ ಗಟ್ಟಿಯಾಗುತ್ತದೆ. ಅದೇ ಮುರುಗಲ ತುಪ್ಪ. ಚಳಿಗಾಲದಲ್ಲಿ ಒಲೆಯ ಬಿಸಿಗೆ ಹಿಡಿದು, ಒಡೆದ ಹಿಮ್ಮಡಿಗೂ ತುಟಿಗೂ ಸವರುತ್ತಿದ್ದರು. ಸುಮಾರು 40 ಡಿಗ್ರಿಗೆ ಕರಗುವ, ಮೈಗೆ ಹಚ್ಚಿದರೆ ಹಿಡಿದು ನಿಲ್ಲುವ ಈ ಜಿಡ್ಡನ್ನೇ ಈಗ ಕೋಕಂ ಬಟರ್ ಎಂದು ಲಿಪ್ ಬಾಮಿಗೆ ಹಾಕಿ ಮಾರುತ್ತಾರೆ. ಅಜ್ಜಿ ಹಚ್ಚಿದರೆ ಮದ್ದು, ಮೊಮ್ಮಗಳು ಹಚ್ಚಿದರೆ ಶೋಕಿ! ನಟ್ಟಿ ಸಮಯದಲ್ಲಿ ಕಾಲ್ಬೆರಳಿಗೆ ಮದರಂಗಿ ಅರೆದು ಹಚ್ಚುವುದು ಕೆಸರುಹುಣ್ಣಿನ ಕಾಟಕ್ಕೆ. ಕಾಲು ಕೆಂಪಗಾಯಿತಲ್ಲ, ಅದನ್ನು ನೋಡಿ ಖುಷಿಪಟ್ಟದ್ದು ಯಾವ ಲೆಕ್ಕಕ್ಕೆ?

ಶಿಕಾರಿಪುರದ ಹತ್ತಿರದ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ 12ನೇ ಶತಮಾನದಲ್ಲೇ ಉಟ್ಟ ಬಟ್ಟೆಯನ್ನೂ ಬಿಟ್ಟು ನಡೆದವಳು. ಅಲಂಕಾರ ಬೇಡವೆನ್ನುವವರಿಗೆ ಅವಳ ಹೆಸರು ಬೇಗ ನೆನಪಾಗುತ್ತದೆ. ಅಕ್ಕ ಬಿಟ್ಟದ್ದು ತನ್ನದನ್ನು, ತಾನಾಗಿ. ಅವಳ ಹೆಸರು ಹೇಳಿಕೊಂಡು ಇನ್ನೊಬ್ಬಳ ಪೌಡರ್ ಡಬ್ಬಿ ಕಿತ್ತಿಡುವುದು ಯಾವ ವೈರಾಗ್ಯವೋ ನನಗೆ ತಿಳಿಯದು. ತುಟಿಯ ಸುತ್ತ ತೊನ್ನು ಬಂದ ಹುಡುಗಿಯೊಬ್ಬಳು ಚರ್ಮದ ಬಣ್ಣದ ಕ್ರೀಮು ಸವರಿಕೊಂಡು, ಯಾರ ದಿಟ್ಟಿಗೂ ಅಳುಕದೆ ಕಾಲೇಜಿನ ಬಸ್ಸು ಹತ್ತುತ್ತಾಳೆ ಎನ್ನಿ. ಆ ಕ್ರೀಮನ್ನು ಶೋಕಿ ಎನ್ನಲು ನನಗಂತೂ ಬಾಯಿ ಬಾರದು.

ನನ್ನ ತಕರಾರಿರುವುದು ಬೆಳ್ಳಗಾಗಿಸುತ್ತೇವೆ ಎನ್ನುವ ಕ್ರೀಮಿನ ಮೇಲೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ‘ಫೇರ್’ ತೆಗೆದು ‘ಗ್ಲೋ’ ಎಂದು ಹೆಸರಿಟ್ಟುಕೊಂಡಿತು. ಹೆಣ್ಣು ನೋಡಲು ಬರುವವರು ಮಾತ್ರ ಈಗಲೂ ‘ಹುಡುಗಿ ಬೆಳ್ಳಗಿದಾಳಾ’ ಎಂದು ಮೊದಲೇ ವಿಚಾರಿಸಿಕೊಂಡೇ ಬರುತ್ತಾರೆ. ಆ ಹೆದರಿಕೆಗೆ ಹುಡುಗಿಯರು ತಯಾರಿಸಿದವರ ವಿಳಾಸವೂ ಇಲ್ಲದ ಡಬ್ಬಿಗಳನ್ನು ಕೊಳ್ಳುತ್ತಾರೆ. ಅಂಥ ಕೆಲವದರಲ್ಲಿ ಪಾದರಸ ಇರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮದಂತೆ ಮುಖದ ಕ್ರೀಮಿಗೆ ಪಾದರಸ ಹಾಕುವಂತೆಯೇ ಇಲ್ಲ. ಅರಿವಿಲ್ಲದೆ ಸೇರಿದ್ದೂ ಹತ್ತು ಲಕ್ಷಕ್ಕೆ 1 ಭಾಗ ದಾಟಬಾರದು. ಚರ್ಮದ ಮೂಲಕ ಒಳಗಿಳಿದ ಪಾದರಸ ಕಿಡ್ನಿಯನ್ನು ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಕಡೆ ಬೆಳ್ಳಗಾಗುವ ಕ್ರೀಮು ಹಚ್ಚಿದವರಲ್ಲಿ ವೈದ್ಯರು ಇಂಥದೇ ಕಾಯಿಲೆ ಕಂಡರು.

ಚರ್ಮದ ಕಾಯಿಲೆಗೆಂದು ಡಾಕ್ಟರು ಬರೆದುಕೊಡುವ ಸ್ಟೆರಾಯ್ಡ್ ಮುಲಾಮನ್ನು ಬೆಳ್ಳಗಾಗಲು ಹಚ್ಚುವವರಿದ್ದಾರಲ್ಲ, ಆ ಟ್ಯೂಬಿನದು ಇನ್ನೊಂದು ಕಥೆ. ಬೆಟಾಮೆಥಸೋನ್, ಕ್ಲೋಬೆಟಸಾಲ್ ಎಂದು ಸ್ಟೆರಾಯ್ಡಿನ ಹೆಸರು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಶುರುವಿನಲ್ಲಿ ಮುಖ ತಿಳಿಯಾದಂತೆ ಕಾಣುತ್ತದೆ. ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ ನರ ಕಾಣಿಸುತ್ತದೆ, ಬಿಸಿಲಿಗೆ ಹೋದರೆ ಉರಿ, ಮೊಡವೆ, ಕೆನ್ನೆಯ ಮೇಲೆ ಕೂದಲು. ಡಾಕ್ಟರ ಚೀಟಿಯಿಲ್ಲದೆ ಇಂಥವನ್ನು ಮಾರಬಾರದೆಂದು ಸರ್ಕಾರ 2018ರಲ್ಲೇ ಬಿಗಿ ಮಾಡಿದೆ. ಆದರೂ ‘ಅಕ್ಕ ಹಚ್ಚುತ್ತಿದ್ದಳು, ನನಗೂ ಒಂದು ಕೊಡಿ’ ಎಂದು ಕೇಳಿ ತರುವವರು ಇದ್ದಾರೆ. ನೀವು ಅವರಲ್ಲಿ ಒಬ್ಬರಾಗಿದ್ದರೆ ಗಾಬರಿಯಾಗಿ ಇವತ್ತೇ ನಿಲ್ಲಿಸಬೇಡಿ. ಒಮ್ಮೆಲೇ ಬಿಟ್ಟರೆ ಮುಖ ಇನ್ನಷ್ಟು ಕೆರಳುತ್ತದೆ. ಹತ್ತಿರದ ಚರ್ಮದ ಡಾಕ್ಟರ ಬಳಿಗೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಹೋಗಿ. ಹೋಗುವಾಗ ಆ ಟ್ಯೂಬನ್ನೂ ಒಯ್ಯಿರಿ, ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ.

ನಮಸ್ಕಾರ.