ಬಿಜಿಪಿ ಕಲಿಯೋಣ: ಪಕ್ಕದ ನೆಟ್‌ವರ್ಕ್‌ಗೆ ಏನು ಹೇಳಬೇಕು, ಏನು ಹೇಳಬಾರದು

[ಪರದೆ: ನಿರೂಪಕರು. ಹಿಂದೆ ಬಿಳಿ ಬೋರ್ಡ್, ಅದರ ಮೇಲೆ ಮೂರು ರೂಟರ್‌ಗಳ ಚಿತ್ರ]

ನಮಸ್ಕಾರ. ಮುಂಬೈ ಸುತ್ತಮುತ್ತ ಡೊಂಬಿವಿಲಿ, ಭಾಂಡುಪ್, ಮೀರಾ ರೋಡ್ ಕಡೆ ಚಿಕ್ಕ ಚಿಕ್ಕ ಇಂಟರ್ನೆಟ್ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಕನ್ನಡದವರು ತುಂಬ ಜನ ಇದ್ದೀರಿ. ಫೈಬರ್ ಎಳೆಯುವುದು, ಸ್ಪ್ಲೈಸ್ ಮಾಡುವುದು, ಗ್ರಾಹಕರ ಮನೆಯಲ್ಲಿ ವೈಫೈ ಹಾಕಿಕೊಡುವುದು ಎಲ್ಲ ನಿಮಗೆ ಬರುತ್ತದೆ. ಆಮೇಲೆ ಕೇಳುತ್ತೀರಿ: "ಅಣ್ಣಾ, ನಾಕ್ ಡೆಸ್ಕ್‌ಗೆ ಹೋಗಬೇಕು, ಬಿಜಿಪಿ ಎಲ್ಲಿಂದ ಶುರು ಮಾಡ್ಲಿ?" ನಾಕ್ ಅಂದರೆ ಇಡೀ ನೆಟ್‌ವರ್ಕ್ ಮೇಲೆ ಕಣ್ಣಿಡುವ ವಿಭಾಗ. ಬಿಜಿಪಿ ಅಂದರೆ ಒಂದು ನೆಟ್‌ವರ್ಕ್ ಇನ್ನೊಂದಕ್ಕೆ 'ಈ ವಿಳಾಸಗಳಿಗೆ ನನ್ನ ಮೂಲಕ ಬರಬಹುದು' ಅಂತ ರೂಟ್, ಅಂದರೆ ದಾರಿ, ಹೇಳುವ ಭಾಷೆ. ಈ ವಿಡಿಯೋ ನಿಮಗೇ.

ಮೊದಲೇ ಒಂದು ಮಾತು. ಎರಡು ರೂಟರ್‌ಗಳ ನಡುವೆ ಬಿಜಿಪಿ ಸೆಷನ್ ಮೇಲೆ ತರುವುದು ನಾಲ್ಕು ಸಾಲಿನ ಕೆಲಸ, ಒಂದು ಸಂಜೆ ಕೂತರೆ ಬಂದುಬಿಡುತ್ತದೆ. ಐಎಸ್‌ಪಿಯವರು, ಅಂದರೆ ಇಂಟರ್ನೆಟ್ ಕಂಪನಿಯವರು, ಸಂಬಳ ಕೊಡುವುದು ಅದರ ನಂತರದ ಕೆಲಸಕ್ಕೆ. ನಮ್ಮ ನೆಟ್‌ವರ್ಕ್ ಪಕ್ಕದವರಿಗೆ ಯಾವ ರೂಟ್ ಹೇಳಬೇಕು, ಯಾವುದನ್ನು ಬಾಯಿ ಬಿಡಬಾರದು, ಅವರು ಹೇಳಿದ್ದರಲ್ಲಿ ಎಷ್ಟನ್ನು ನಂಬಬೇಕು ಅನ್ನೋದು ಆ ಕೆಲಸ.

ಆಫೀಸಿನ ರೂಟರ್ ಮೇಲೆ ಕಲಿಯಲು ಹೋಗಬೇಡಿ. ಕಂಪ್ಯೂಟರನ್ನೇ ರೂಟರ್ ಮಾಡುವ ಎಫ್‌ಆರ್‌ಆರ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಕ್ವಾಗಾ ಅನ್ನೋ ಹಳೆಯ ಯೋಜನೆಯಿಂದ 2017ರಲ್ಲಿ ಬೇರೆಯಾಗಿ ಬೆಳೆದದ್ದು. ಕಂಟೇನರ್‌ಲ್ಯಾಬ್ ಅಥವಾ ಜಿಎನ್‌ಎಸ್3 ಅನ್ನೋ ಲ್ಯಾಬ್ ಸಾಫ್ಟ್‌ವೇರ್ ಒಳಗೆ ಹಾಕಿದರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಆರು ರೂಟರ್ ಓಡುತ್ತವೆ. ಕಮಾಂಡ್‌ಗಳು ಸಿಸ್ಕೋ ರೂಟರ್‌ಗೆ ಹತ್ತಿರ. ನಿಮ್ಮಲ್ಲಿ ಮೈಕ್ರೋಟಿಕ್ ರೂಟರ್ ಇದ್ದರೂ ಯೋಚನೆ ಇದೇ.

[ಪರದೆ: ಬೋರ್ಡ್ ಹತ್ತಿರದಿಂದ]

ನಮ್ಮ ಲ್ಯಾಬ್ ಕಂಪನಿಗೆ ಮೂರು ರೂಟರ್: ಡೊಂಬಿವಿಲಿ, ಠಾಣೆ, ಅಂಧೇರಿ. ಗ್ರಾಹಕರೆಲ್ಲ ಡೊಂಬಿವಿಲಿಯಲ್ಲಿ. ಠಾಣೆಯಿಂದ ಒಂದು ಅಪ್‌ಸ್ಟ್ರೀಮ್ (ನಮಗೆ ಇಂಟರ್ನೆಟ್ ಮಾರುವ ದೊಡ್ಡ ಕಂಪನಿ), ಅಂಧೇರಿಯಿಂದ ಇನ್ನೊಂದು. ಅಂಧೇರಿಯಲ್ಲೇ, ನೆಟ್‌ವರ್ಕ್‌ಗಳು ಪರಸ್ಪರ ಸೇರುವ ಎಕ್ಸ್‌ಚೇಂಜ್‌ಗೂ ಒಂದು ಪೋರ್ಟ್. ಮುಂಬೈಯಲ್ಲಿ ಇದು ಸಹಜವಾದ ಚಿತ್ರ. ಸಮುದ್ರದಡಿಯ ಕೇಬಲ್‌ಗಳು ವರ್ಸೋವಾ ತೀರಕ್ಕೆ ಬಂದು ಸೇರುವ ಊರು ಇದು. 2003ರಲ್ಲಿ ಶುರುವಾದ ನಿಕ್ಸಿ, ಆಮೇಲೆ ಬಂದ ಡಿಇ-ಸಿಐಎಕ್ಸ್, ಎರಡೂ ಇಲ್ಲಿ ಎಕ್ಸ್‌ಚೇಂಜ್ ನಡೆಸುತ್ತವೆ.

ನಮ್ಮ ಎಎಸ್ ನಂಬರ್, ಅಂದರೆ ನೆಟ್‌ವರ್ಕ್‌ನ ಗುರುತಿನ ನಂಬರ್, 64496. ನಮ್ಮ ಐಪಿ ವಿಳಾಸಗಳ ಬ್ಲಾಕ್ 203.0.113.0/24. ಎರಡೂ ಪಾಠ, ದಾಖಲೆಗಳಿಗೆ ಅಂತಲೇ ಮೀಸಲಿಟ್ಟವು. ಹೊರಗಿನ ಯಾರಿಗೂ ತೊಂದರೆಯಿಲ್ಲ.

ಮೊದಲು ಓಎಸ್‌ಪಿಎಫ್, ನಮ್ಮದೇ ರೂಟರ್‌ಗಳು ಒಳಗೊಳಗೆ ದಾರಿ ಹೇಳಿಕೊಳ್ಳುವ ಭಾಷೆ. ಅದಕ್ಕೆ ಕೊಡುವ ಕೆಲಸ ಚಿಕ್ಕದು: ಮೂರು ರೂಟರ್‌ಗಳ ಲೂಪ್‌ಬ್ಯಾಕ್ (ರೂಟರ್‌ನ ಸ್ವಂತ ವಿಳಾಸ) ಮತ್ತು ನಡುವಿನ ಲಿಂಕ್‌ಗಳು, ಅಷ್ಟೇ. ಇಡೀ ಇಂಟರ್ನೆಟ್‌ನ ಐಪಿವಿ4 ಟೇಬಲ್‌ನಲ್ಲಿ ಈಗ 9 ಲಕ್ಷಕ್ಕೂ ಜಾಸ್ತಿ ರೂಟ್‌ಗಳಿವೆ. ಅದನ್ನು ಓಎಸ್‌ಪಿಎಫ್ ಒಳಗೆ ಸುರಿದರೆ ರೂಟರ್ ಏಳುವುದಿಲ್ಲ. ಓಎಸ್‌ಪಿಎಫ್ ನೇಬರ್, ಅಂದರೆ ಪಕ್ಕದ ರೂಟರ್, 'ಎಕ್ಸ್‌ಸ್ಟಾರ್ಟ್' ಹಂತದಲ್ಲೇ ನಿಂತಿದ್ದರೆ ಎರಡೂ ಕಡೆಯ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಒಂದೇ ಇದೆಯಾ ನೋಡಿ. ಮಧ್ಯೆ ಬೇರೆಯವರ ಲೀಸ್ ಲೈನ್ ಇದ್ದಾಗ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ.

ಈಗ ಬಿಜಿಪಿ.

[ಪರದೆ: ಟರ್ಮಿನಲ್. 'ಶೋ ಬಿಜಿಪಿ ಸಮ್ಮರಿ' ಫಲಿತಾಂಶ, ಕೊನೆಯ ಕಾಲಂಗಳು ದೊಡ್ಡದಾಗಿ]

ಸ್ಟೇಟ್ ಕಾಲಂನಲ್ಲಿ 'ಆ್ಯಕ್ಟಿವ್' ಅಂತ ಕಂಡರೆ ಖುಷಿ ಪಡಬೇಡಿ. ಸೆಷನ್ ಇನ್ನೂ ಬಂದಿಲ್ಲ, ರೂಟರ್ ಟಿಸಿಪಿ ಕನೆಕ್ಷನ್‌ಗೆ ಒದ್ದಾಡುತ್ತಿದೆ ಅಂತ ಅರ್ಥ. ಆ ಕಡೆಗೆ ಪಿಂಗ್ ಹೋಗುತ್ತಾ, ಎಎಸ್ ನಂಬರ್ ಸರಿ ಇದೆಯಾ, ಫೈರ್‌ವಾಲ್ ಬಿಜಿಪಿಯ ಪೋರ್ಟ್ 179 ಅನ್ನು ತಡೆದಿದೆಯಾ, ಇಷ್ಟು ನೋಡಿ.

ಸೆಷನ್ ಬಂತು ಅಂದುಕೊಳ್ಳಿ. ಈಗಿನ ಎಫ್‌ಆರ್‌ಆರ್‌ನಲ್ಲಿ ಅದೇ ಕಾಲಂನಲ್ಲಿ 'ಪಾಲಿಸಿ' ಅಂತ ಬರುತ್ತದೆ. ಯಾವ ರೂಟ್ ಒಳಗೆ, ಯಾವುದು ಹೊರಗೆ ಅನ್ನೋ ಪಾಲಿಸಿ ಇನ್ನೂ ಬರೆದಿಲ್ಲ ಅಂತ ಅರ್ಥ. ಒಂದು ರೂಟ್ ಕೂಡ ಬರುವುದಿಲ್ಲ, ಹೋಗುವುದಿಲ್ಲ. ಏನೋ ಕೆಟ್ಟಿದೆ ಅಂತ ಗೂಗಲ್ ಮಾಡಿ, ಆ ತಡೆಯನ್ನೇ ಆಫ್ ಮಾಡುವ ಸಾಲನ್ನು ಕಾಪಿ ಮಾಡುವವರು ಜಾಸ್ತಿ. ದಯವಿಟ್ಟು ಮಾಡಬೇಡಿ. ಹೊರಗಿನವರ ಜೊತೆ ಪಾಲಿಸಿ ಬರೆಯದೆ ಮಾತೇ ಬೇಡ ಅನ್ನೋ ನಿಯಮ 2017ರ ಆರ್‌ಎಫ್‌ಸಿ 8212 ಅನ್ನೋ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿ ಬಂತು. ಅದರ ಹಿಂದೆ ಹಲವು ವರ್ಷಗಳ ಪೆಟ್ಟು ಇದೆ.

ಆ ಪೆಟ್ಟು ಹೇಗಿರುತ್ತದೆ ನೋಡೋಣ. ಫಿಲ್ಟರ್ ಇಲ್ಲದಿದ್ದರೆ, ಠಾಣೆಯ ಅಪ್‌ಸ್ಟ್ರೀಮ್‌ನಿಂದ ಕಲಿತ ರೂಟ್‌ಗಳನ್ನು ನಾವು ಅಂಧೇರಿಯ ಅಪ್‌ಸ್ಟ್ರೀಮ್‌ಗೆ ಹೇಳಿಬಿಡುತ್ತೇವೆ. ಅವರ ಕಣ್ಣಿಗೆ ನಾವು ದುಡ್ಡು ಕೊಡುವ ಗ್ರಾಹಕರು. ಗ್ರಾಹಕರಿಂದ ಬಂದ ರೂಟ್‌ಗೆ ದೊಡ್ಡ ಕಂಪನಿಗಳು ಸಾಮಾನ್ಯವಾಗಿ ಹೆಚ್ಚು ಲೋಕಲ್ ಪ್ರಿಫರೆನ್ಸ್, ಅಂದರೆ ಆದ್ಯತೆಯ ಅಂಕ, ಇಟ್ಟಿರುತ್ತವೆ. ಹಾಗಾಗಿ ಎರಡು ದೊಡ್ಡ ನೆಟ್‌ವರ್ಕ್‌ಗಳ ನಡುವಿನ ಟ್ರಾಫಿಕ್ ನಮ್ಮ ಪುಟ್ಟ ಲಿಂಕ್‌ಗೆ ನುಗ್ಗುತ್ತದೆ. ಸಂಜೆ ಆರು ಗಂಟೆಯ ವಿರಾರ್ ಫಾಸ್ಟ್ ಲೋಕಲ್ ಟ್ರೇನಿನ ಜನರನ್ನೆಲ್ಲ ಒಂದೇ ರಿಕ್ಷಾಕ್ಕೆ ಹತ್ತಿಸಿದ ಹಾಗೆ. ನಮ್ಮ ಗ್ರಾಹಕರ ಫೋನ್ ಶುರು, ಜೊತೆಗೆ ನಮ್ಮ ಹೆಸರೇ ಕೇಳದ ಊರುಗಳಲ್ಲೂ ಇಂಟರ್ನೆಟ್ ನಿಧಾನ.

[ಪರದೆ: 24 ಫೆಬ್ರವರಿ 2008]

ಇನ್ನೊಂದು ರೀತಿಯ ಪೆಟ್ಟು. ಯೂಟ್ಯೂಬ್ ಆಗ 208.65.152.0/22 ಅನೌನ್ಸ್ ಮಾಡುತ್ತಿತ್ತು. ಪಾಕಿಸ್ತಾನ ಸರ್ಕಾರ ಯೂಟ್ಯೂಬ್ ತಡೆಯಲು ಹೇಳಿತು. ಪಾಕಿಸ್ತಾನ್ ಟೆಲಿಕಾಂ ಅದಕ್ಕಾಗಿ 208.65.153.0/24 ರೂಟ್ ಹಾಕಿತು. ದೇಶದೊಳಗೆ ಉಳಿಯಬೇಕಿದ್ದ ರೂಟ್ ಹೊರಗೆ ಹೋಯಿತು. ಅವರ ಅಪ್‌ಸ್ಟ್ರೀಮ್ ಪಿಸಿಸಿಡಬ್ಲ್ಯು ಅದನ್ನು ತಡೆಯದೆ ಜಗತ್ತಿಗೆಲ್ಲ ಹಂಚಿತು. ರೂಟರ್ ಯಾವಾಗಲೂ ಹೆಚ್ಚು ನಿಖರವಾದ ಪ್ರಿಫಿಕ್ಸ್ (ವಿಳಾಸಗಳ ಬ್ಲಾಕ್; / ನಂತರದ ಸಂಖ್ಯೆ ದೊಡ್ಡದಾದಷ್ಟು ತುಂಡು ಚಿಕ್ಕದು) ಹಿಡಿಯುತ್ತದೆ, /22 ಎದುರು /24 ಗೆಲ್ಲುತ್ತದೆ. ಸುಮಾರು ಎರಡು ಗಂಟೆ ಯೂಟ್ಯೂಬ್ ಜಗತ್ತಿನ ಬಹುಪಾಲು ಕಡೆ ಸಿಗಲಿಲ್ಲ. ಅಪ್‌ಸ್ಟ್ರೀಮ್‌ನಲ್ಲಿ, ಗ್ರಾಹಕರ ಪ್ರಿಫಿಕ್ಸ್‌ಗಳನ್ನು ಮಾತ್ರ ಒಳಗೆ ಬಿಡುವ ಫಿಲ್ಟರ್ ಇದ್ದಿದ್ದರೆ ಈ ಘಟನೆ ಅಲ್ಲಿಗೇ ನಿಲ್ಲುತ್ತಿತ್ತು. ಅಂಥ ಫಿಲ್ಟರ್ ಬರೆಯುವ ಕುರ್ಚಿಯಲ್ಲೇ ನೀವು ಕೂರಲು ಹೊರಟಿರುವುದು.

[ಪರದೆ: ಮತ್ತೆ ಟರ್ಮಿನಲ್]

ಹಾಗಾಗಿ ಹೊರಗೆ ಹೋಗುವ ಫಿಲ್ಟರ್ ಮೊದಲು ಬರೆಯಿರಿ, ನೇಬರ್ ಆಮೇಲೆ. ಪ್ರಿಫಿಕ್ಸ್ ಲಿಸ್ಟ್‌ನಲ್ಲಿ ಒಂದೇ ಸಾಲು: 203.0.113.0/24 ಪರ್ಮಿಟ್. ಉಳಿದದ್ದೆಲ್ಲ ತಾನಾಗಿಯೇ ಡಿನೈ. ಬಿಜಿಪಿ ಒಳಗೆ 'ನೆಟ್‌ವರ್ಕ್' ಸಾಲು ಬರೆದರೂ ನಿಮ್ಮ ಬ್ಲಾಕ್ ಹೊರಗೆ ಹೋಗುತ್ತಿಲ್ಲವಾ? ಆ /24 ರೂಟಿಂಗ್ ಟೇಬಲ್‌ನಲ್ಲಿ ಹಾಗೇ ಇರಬೇಕು. ಅದಕ್ಕೆ ಒಂದು ನಲ್ ರೂಟ್ (ಎಲ್ಲಿಗೂ ಕಳಿಸದ ರೂಟ್) ಹಾಕಿ.

ಒಳಗೆ ಬರುವ ಕಡೆ, ನಮ್ಮದೇ ಬ್ಲಾಕ್ ಅನ್ನು ಬೇರೆಯವರು ನಮಗೆ ಹೇಳಿದರೆ ತೆಗೆದುಕೊಳ್ಳಬೇಡಿ. ಪ್ರೈವೇಟ್ ವಿಳಾಸಗಳು, /24ಕ್ಕಿಂತ ಚಿಕ್ಕ ತುಂಡುಗಳು ಬೇಡ. ಎಕ್ಸ್‌ಚೇಂಜ್‌ನ ಪ್ರತಿ ಪೀರ್‌ಗೂ (ನಮ್ಮ ಜೊತೆ ರೂಟ್ ಹಂಚಿಕೊಳ್ಳುವ ನೆಟ್‌ವರ್ಕ್‌ಗೂ) ಮ್ಯಾಕ್ಸಿಮಮ್ ಪ್ರಿಫಿಕ್ಸ್ ಮಿತಿ ಇಡಿ. ಆಮೇಲೆ ಲೋಕಲ್ ಪ್ರಿಫರೆನ್ಸ್: ಎಕ್ಸ್‌ಚೇಂಜ್‌ಗೆ 200, ಅಂಧೇರಿಯ ಅಪ್‌ಸ್ಟ್ರೀಮ್‌ಗೆ 150, ಠಾಣೆಯದಕ್ಕೆ ಡೀಫಾಲ್ಟ್ 100. ಇದು ನಮ್ಮಿಂದ ಹೊರಗೆ ಹೋಗುವ ಟ್ರಾಫಿಕ್‌ಗೆ ಮಾತ್ರ. ಡೌನ್‌ಲೋಡ್ ಯಾವ ದಾರಿಯಲ್ಲಿ ಬರುತ್ತದೆ ಅನ್ನೋದು ಎದುರಿನವರ ತೀರ್ಮಾನ. ಎಎಸ್ ಪಾತ್, ಅಂದರೆ ರೂಟ್ ದಾಟಿ ಬಂದ ಎಎಸ್ ನಂಬರ್‌ಗಳ ಸಾಲು, ಉದ್ದ ಮಾಡಿ ಒಂದಿಷ್ಟು ಒಲಿಸಬಹುದು, ಹುಕುಂ ಮಾಡಲಾಗದು. ಗ್ರಾಹಕರು ಬಳಸುವುದು ಹೆಚ್ಚಾಗಿ ಡೌನ್‌ಲೋಡೇ ಅಲ್ವಾ, ಇಲ್ಲಿ ತಾಳ್ಮೆಯಿಂದ ಸಮಯ ಕೊಡಿ.

ಡೊಂಬಿವಿಲಿ ರೂಟರ್‌ಗೆ ಬನ್ನಿ. ರೂಟ್ ಕಾಣುತ್ತದೆ, ಆದರೆ ಪಕ್ಕದಲ್ಲಿ ಬೆಸ್ಟ್ ಗುರುತು ಇಲ್ಲ. ನೆಕ್ಸ್ಟ್ ಹಾಪ್ (ಪ್ಯಾಕೆಟ್ ಮುಂದೆ ಹೋಗಬೇಕಾದ ವಿಳಾಸ) ಅಂಧೇರಿಯ ಅಪ್‌ಸ್ಟ್ರೀಮ್‌ನ ವಿಳಾಸವಾಗಿದೆ, ಅದು ನಮ್ಮ ಓಎಸ್‌ಪಿಎಫ್‌ಗೆ ಗೊತ್ತಿಲ್ಲ. ಅಂಧೇರಿ ಮತ್ತು ಠಾಣೆಯಲ್ಲಿ 'ನೆಕ್ಸ್ಟ್ ಹಾಪ್ ಸೆಲ್ಫ್' ಹಾಕಿದರೆ ಗುರುತು ಬರುತ್ತದೆ. ಒಳಗಿನ ಬಿಜಿಪಿಯಲ್ಲಿ ಒಬ್ಬರಿಂದ ಕೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ. ಅದಕ್ಕೇ ಮೂರು ರೂಟರ್‌ಗೆ ಮೂರು ಸೆಷನ್ ಬೇಕು. ಇಪ್ಪತ್ತು ರೂಟರ್ ಆದರೆ 190. ಆಗ ಎಲ್ಲರಿಗೂ ರೂಟ್ ದಾಟಿಸುವ ಒಂದು ರೂಟರ್, ರೂಟ್ ರಿಫ್ಲೆಕ್ಟರ್ ಬೇಕು, ಅದು ಮುಂದೆ ಯಾವಾಗಲಾದರೂ.

ಆರ್‌ಪಿಕೆಐ ಬಗ್ಗೆ ಹಲವರು ಕೇಳಿದ್ದೀರಿ. ಮಾಡಲೇಬೇಕು. ನಿಮ್ಮ ಬ್ಲಾಕ್ ಅನ್ನು ಯಾವ ಎಎಸ್ ಅನೌನ್ಸ್ ಮಾಡಬಹುದು ಅಂತ ಅದು ಸಹಿ ಹಾಕಿ ಹೇಳುತ್ತದೆ. ಆದರೆ ನಾವು ಮೊದಲು ನೋಡಿದ ಸೋರಿಕೆಯಲ್ಲಿ ಮೂಲ ಎಎಸ್ ಸರಿಯಾಗಿಯೇ ಇರುತ್ತದೆ. ಅದನ್ನು ತಡೆಯಲು ನಿಮ್ಮ ಫಿಲ್ಟರ್ ಬೇಕೇ ಬೇಕು.

[ಪರದೆ: 'ಅಡ್ವರ್ಟೈಸ್ಡ್ ರೂಟ್ಸ್' ಫಲಿತಾಂಶ]

ಈಗ ಅಂಧೇರಿಯಲ್ಲಿ ಪ್ರತಿ ನೇಬರ್‌ಗೂ 'ಅಡ್ವರ್ಟೈಸ್ಡ್ ರೂಟ್ಸ್' ಕಮಾಂಡ್ ಕೊಡಿ. ಒಂದೇ ಸಾಲು ಬರಬೇಕು, ನಮ್ಮ /24. ಫಿಲ್ಟರ್ ಬದಲು ಎಲ್ಲವನ್ನೂ ಬಿಡುವ ಪಾಲಿಸಿ ಹಾಕಿ ಮತ್ತೆ ನೋಡಿ, ಎಷ್ಟು ಸಾಲು ಸುರಿಯುತ್ತವೆ ಅಂತ. ಫಿಲ್ಟರ್ ವಾಪಸ್ ಹಾಕಿ. ಅಂಧೇರಿಯ ಅಪ್‌ಸ್ಟ್ರೀಮ್ ಲಿಂಕ್ ಡೌನ್ ಮಾಡಿ, ಡೊಂಬಿವಿಲಿಯಿಂದ ಪಿಂಗ್ ಓಡುತ್ತಲೇ ಇರಲಿ, ಎಷ್ಟು ಪ್ಯಾಕೆಟ್ ಬಿದ್ದವು ಬರೆದಿಟ್ಟುಕೊಳ್ಳಿ.

ನಾಳೆ ಆಫೀಸಿನಲ್ಲಿ ಯಾವ ರೂಟರ್‌ಗೂ ಕೈ ಹಾಕದೆ ಇನ್ನೊಂದು ಕೆಲಸ ಮಾಡಿ. ಯಾವುದಾದರೂ ಪಬ್ಲಿಕ್ ಲುಕಿಂಗ್ ಗ್ಲಾಸ್ (ಬೇರೆ ನೆಟ್‌ವರ್ಕ್‌ನ ರೂಟರ್‌ಗೆ ಕಾಣುವ ರೂಟ್ ತೋರಿಸುವ ವೆಬ್‌ಸೈಟ್) ತೆರೆದು ನಿಮ್ಮ ಕಂಪನಿಯ ಪ್ರಿಫಿಕ್ಸ್ ಹಾಕಿ. ಎಎಸ್ ಪಾತ್ ಅನ್ನು ಬಲದಿಂದ ಎಡಕ್ಕೆ ಓದಿ. ಬಲತುದಿಯಲ್ಲಿ ನಿಮ್ಮ ನಂಬರ್, ಅದರ ಎಡಕ್ಕೆ ನಿಮ್ಮ ಅಪ್‌ಸ್ಟ್ರೀಮ್. ಅಲ್ಲಿ ನಿಮಗೆ ಗೊತ್ತಿಲ್ಲದ ನಂಬರ್ ಕಂಡರೆ ನಾಕ್‌ನಲ್ಲಿರುವ ಹಿರಿಯರನ್ನು ಕೇಳಿ.