ಮೊಬೈಲ್ ಮೂಕವಾಗುವ ಕಣಿವೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬರುವ ನಮ್ಮಂಥ ತಂದೆತಾಯಂದಿರ ತಿರುಗಾಟಕ್ಕೆ ಒಂದು ರೂಢಿಯ ದಾರಿ ಬಿದ್ದುಬಿಟ್ಟಿದೆ. ನಯಾಗರ ಜಲಪಾತ, ನ್ಯೂಯಾರ್ಕಿನ ಸ್ವಾತಂತ್ರ್ಯ ಪ್ರತಿಮೆ, ವಾಷಿಂಗ್ಟನ್ನಿನ ಶ್ವೇತಭವನ. ರಜೆ ಹೆಚ್ಚು ಸಿಕ್ಕಿದರೆ ಗ್ರ್ಯಾಂಡ್ ಕ್ಯಾನ್ಯನ್. ನಾನೂ ಇವನ್ನೆಲ್ಲ ನೋಡಿ ಸಂತೋಷಪಟ್ಟವಳೇ. ಆದರೂ ಊರಿಗೆ ಮರಳಿದ ಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಎದುರು ಬಂದು ನಿಲ್ಲುವುದು ವೆಸ್ಟ್ ವರ್ಜೀನಿಯಾ ರಾಜ್ಯದ ಬೆಟ್ಟಗಳ ನಡುವಿನ ಒಂದು ಪುಟ್ಟ ಊರು. ಹೆಸರು ಗ್ರೀನ್ ಬ್ಯಾಂಕ್. ಸುಮಾರು 140 ಜನ ಇರುವ ಊರು. ಬಾನುಲಿಯಲ್ಲಿ ಮಾತಾಡಿ ಎಂದಾಗ ನನಗೆ ಮೊದಲು ನೆನಪಾದದ್ದೂ ಅದೇ. ಏಕೆಂದರೆ ರೇಡಿಯೋ ಅಲೆಗಳನ್ನು ಅಷ್ಟು ಜತನದಿಂದ ಹತೋಟಿಯಲ್ಲಿಟ್ಟುಕೊಂಡು ಬಾಳುವ ಇನ್ನೊಂದು ಊರನ್ನು ನಾನು ಕಂಡಿಲ್ಲ.

ವಿಚಿತ್ರ ಊರುಗಳಿಗೆ ಆ ದೇಶದಲ್ಲಿ ಬರವಿಲ್ಲ. ಅಲಾಸ್ಕದ ವಿಟಿಯರ್‌ನಲ್ಲಿ ಊರಿನ ಬಹುಪಾಲು ಜನ 14 ಅಂತಸ್ತಿನ ಒಂದೇ ಕಟ್ಟಡದಲ್ಲಿ ವಾಸಿಸುತ್ತಾರೆ. ಬೆಟ್ಟ ಕೊರೆದ ಒಂದೇ ಸುರಂಗದಲ್ಲಿ ಸರದಿಯ ಮೇಲೆ ರೈಲೂ ಕಾರೂ ಓಡಾಡುತ್ತವೆ. ಅರಿಜೋನಾದ ಸುಪಾಯ್ ಎಂಬ ಮೂಲನಿವಾಸಿಗಳ ಊರಿಗೆ ಇವತ್ತಿಗೂ ರಸ್ತೆಯಿಲ್ಲ, ಅಂಚೆ ಹೋಗುವುದು ಹೇಸರಗತ್ತೆಯ ಬೆನ್ನ ಮೇಲೆ. ಇವೆರಡನ್ನೂ ನೋಡುವ ಆಸೆ ನನಗೆ ಇನ್ನೂ ಇದೆ. ನೋಡಿದ್ದು ಗ್ರೀನ್ ಬ್ಯಾಂಕ್, ಹಾಗಾಗಿ ಅದರ ಮಾತು.

ಮಗಳು ಅಳಿಯ ಇರುವುದು ವಾಷಿಂಗ್ಟನ್ನಿಗೆ ಹತ್ತಿರ. ಅಲ್ಲಿಂದ ಕಾರಿನಲ್ಲಿ ನಾಲ್ಕು, ನಾಲ್ಕೂವರೆ ಗಂಟೆಯ ದಾರಿ. ಅರ್ಧ ದಾರಿ ಹೆದ್ದಾರಿ, ಆಮೇಲೆ ಅಲೆಘೆನಿ ಬೆಟ್ಟಸಾಲು. ಆಗುಂಬೆ ಘಾಟಿ ಹತ್ತಿಳಿದವರಿಗೆ ಆ ತಿರುವುಗಳು ಹೆದರಿಕೆ ಹುಟ್ಟಿಸುವುದಿಲ್ಲ. ಬೆಟ್ಟದ ಬುಡದ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಮಗಳು ಹೇಳಿದಳು: "ಅಮ್ಮಾ, ಚಿಕ್ಕಮ್ಮನ ಹತ್ರ ಮಾತಾಡೋದಿದ್ರೆ ಈಗಲೇ ಮಾತಾಡಿಬಿಡು. ಮುಂದೆ ಫೋನ್ ಸಿಗಲ್ಲ." ಬೆಳಗಿನ ಹತ್ತೂವರೆ, ತೀರ್ಥಹಳ್ಳಿಯಲ್ಲಿ ರಾತ್ರಿ ಎಂಟು. ತಂಗಿ ಊಟಕ್ಕೆ ಕೂರುವ ಹೊತ್ತು. ಎರಡು ಮಾತಾಡಿ ಇಟ್ಟೆ. ಅಳಿಯಂದಿರು ಮುದ್ರಿಸಿ ತಂದಿದ್ದ ನಕ್ಷೆಯನ್ನು ನನ್ನ ತೊಡೆಯ ಮೇಲೆ ಹಾಸಿದರು. ಅರ್ಧ ಗಂಟೆಯಲ್ಲಿ ಫೋನಿನ ಮೇಲಿನ ಗೆರೆಗಳು ಒಂದೊಂದಾಗಿ ಅಳಿಸಿಹೋದವು.

ಯಾಕೆ ಹೀಗೆ? ರೇಡಿಯೋ ಕೇಳುವ ನಿಮಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಮಧ್ಯಮ ತರಂಗದಲ್ಲಿ ಹಾಡು ಬರುತ್ತಿರುವಾಗ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿಸಿದರೆ ಏನಾಗುತ್ತದೆ? ಕರಕರ ಸದ್ದು ಹಾಡನ್ನು ನುಂಗಿಬಿಡುತ್ತದೆ. ಮಿಂಚಿದರೂ ಅಷ್ಟೇ, ಮನೆಯ ಮುಂದೆ ಮೊಪೆಡ್ ಹೋದರೂ ಅಷ್ಟೇ. ಕಿಡಿ ಹಾರುವಲ್ಲೆಲ್ಲ ರೇಡಿಯೋ ಅಲೆ ಹುಟ್ಟುತ್ತದೆ. ಗ್ರೀನ್ ಬ್ಯಾಂಕಿನಲ್ಲೂ ಒಂದು ರೇಡಿಯೋ ಇದೆ, ರೇಡಿಯೋ ದೂರದರ್ಶಕ ಎನ್ನುತ್ತಾರೆ. ಅದು ಹಿಡಿಯಬೇಕಾದದ್ದು ನಕ್ಷತ್ರಗಳಿಂದ, ನಕ್ಷತ್ರಗಳ ನಡುವೆ ತೇಲುವ ಅನಿಲದಿಂದ ಬರುವ ಅಲೆಗಳನ್ನು. ಅವು ಎಷ್ಟು ಕ್ಷೀಣವೆಂದರೆ, ಚಂದ್ರನ ಮೇಲೆ ಒಂದು ಮೊಬೈಲ್ ಇಟ್ಟರೆ ಅದೇ ಇಡೀ ಆಕಾಶದ ಅತಿ ಪ್ರಬಲ ರೇಡಿಯೋ ಮೂಲಗಳಲ್ಲಿ ಒಂದಾಗಿಬಿಡುತ್ತದೆ ಎಂದು ಖಗೋಳ ವಿಜ್ಞಾನಿಗಳು ಹೇಳುತ್ತಾರೆ. ಇನ್ನು ಪಕ್ಕದ ಮನೆಯ ಮೊಬೈಲ್ ಏನು ಮಾಡೀತು, ನೀವೇ ಲೆಕ್ಕ ಹಾಕಿ.

ಅದಕ್ಕಾಗಿ ಸುತ್ತಲೂ ಬೆಟ್ಟ ಇರುವ, ಜನ ಕಡಿಮೆ ಇರುವ ಈ ಕಣಿವೆಯನ್ನು 1950ರ ದಶಕದಲ್ಲಿ ಹುಡುಕಿ ಆರಿಸಿದರು. 1956ರಲ್ಲಿ ವೆಸ್ಟ್ ವರ್ಜೀನಿಯಾ ರಾಜ್ಯ ಒಂದು ಕಾಯಿದೆ ಮಾಡಿತು. 1958ರಲ್ಲಿ ಕೇಂದ್ರ ಸರ್ಕಾರ ಸುತ್ತಲಿನ ಸುಮಾರು 34,000 ಚದರ ಕಿಲೋಮೀಟರನ್ನು ರೇಡಿಯೋ ಮೌನ ವಲಯವೆಂದು ಘೋಷಿಸಿತು. ಕೇರಳ ರಾಜ್ಯಕ್ಕಿಂತ ಸ್ವಲ್ಪ ಚಿಕ್ಕದು, ಅಷ್ಟೇ. ಇಡೀ ವಲಯದಲ್ಲಿ ಫೋನಿಲ್ಲ ಎಂದಲ್ಲ. ದೂರದಲ್ಲಿ ನಿಯಮ ಸಡಿಲ, ದೂರದರ್ಶಕಕ್ಕೆ ಹತ್ತಿರವಾದಂತೆ ಬಿಗಿ.

ದೂರದರ್ಶಕವನ್ನು ಮೊದಲು ಕಂಡದ್ದು ರಸ್ತೆಯ ಒಂದು ತಿರುವಿನಲ್ಲಿ. ಹುಲ್ಲುಗಾವಲು, ದನಗಳು, ಕೆಂಪು ಕೊಟ್ಟಿಗೆ, ಅದರ ಹಿಂದೆ ಮುಗಿಲಿಗೆ ತಾಗುವಂಥ ಬೆಳ್ಳನೆಯ ಬೋಗುಣಿ. ಬಾಯಗಲ 100 ಮೀಟರ್ ಒಂದು ಕಡೆ, 110 ಇನ್ನೊಂದು ಕಡೆ. ಎತ್ತರ 148 ಮೀಟರ್, ಅಂದರೆ ನಮ್ಮ ವಿಜಯಪುರದ ಗೋಲಗುಮ್ಮಟದ ಹೆಚ್ಚುಕಡಿಮೆ ಮೂರು ಪಟ್ಟು. ಅಷ್ಟೂ ಉಕ್ಕು ವೃತ್ತಾಕಾರದ ಹಳಿಯ ಮೇಲೆ, 16 ಗಾಲಿಗಳ ಮೇಲೆ ತಿರುಗುತ್ತದೆ. ನಾವು ನೋಡುತ್ತಿದ್ದಂತೆಯೇ ತಿರುಗಿತು. ಸದ್ದೇ ಇಲ್ಲ. ಗದ್ದೆಯಲ್ಲಿ ಬೆಳ್ಳಕ್ಕಿ ಕತ್ತು ಹೊರಳಿಸಿದ ಹಾಗೆ.

ಹತ್ತಿರ ಹೋಗಬೇಕಾದರೆ ವೀಕ್ಷಣಾಲಯದವರದೇ ಬಸ್ಸು ಹತ್ತಬೇಕು. ಅದು ಡೀಸೆಲ್ ಬಸ್ಸೇ ಆಗಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುತ್ತದೆ, ಡೀಸೆಲ್‌ನಲ್ಲಿ ಇರುವುದಿಲ್ಲ. ಗೇಟು ದಾಟುವ ಮೊದಲು ಫೋನು, ಡಿಜಿಟಲ್ ಕ್ಯಾಮೆರಾ ಎಲ್ಲ ಬಂದ್. ರೀಲಿನ ಹಳೇ ಕ್ಯಾಮೆರಾ ಇದ್ದರೆ ಅಡ್ಡಿಯಿಲ್ಲ. ನನ್ನ ಬಳಿ ಅದಿರಲಿಲ್ಲ, ಹಾಗಾಗಿ ಹತ್ತಿರದಿಂದ ಕಂಡದ್ದರ ಒಂದು ಫೋಟೋವೂ ನನ್ನಲ್ಲಿಲ್ಲ. ಕಣ್ಣಿಂದಲೇ ನೋಡಿದ್ದಕ್ಕೋ ಏನೋ, ಬೋಗುಣಿಯ ಕೆಳಗಿನ ಉಕ್ಕಿನ ಜಾಲದ ಒಂದೊಂದು ಅಡ್ಡಪಟ್ಟಿಯೂ ಈಗಲೂ ನೆನಪಿದೆ. ಅಲ್ಲಿನ ಮೈಕ್ರೋವೇವ್ ಒಲೆಯನ್ನು ಕೂಡ ಅಲೆ ಹೊರಬಾರದಂತೆ ಲೋಹದ ಪೆಟ್ಟಿಗೆಯೊಳಗೆ ಇಡುತ್ತಾರಂತೆ.

ಆವರಣದಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಎರಡು ಹಳೆಯ ಸಾಮಾನು. ಒಂದು, ಕಾರ್ಲ್ ಜಾನ್ಸ್ಕಿಯ ಆಂಟೆನಾದ ಪ್ರತಿಕೃತಿ. ಸಾಗರದಾಚೆಗಿನ ರೇಡಿಯೋ ಟೆಲಿಫೋನಿನಲ್ಲಿ ಕೇಳುವ ಕರಕರ ಎಲ್ಲಿಂದ ಬರುತ್ತದೆ ಎಂದು ಪತ್ತೆ ಹಚ್ಚುವ ಕೆಲಸವನ್ನು ಬೆಲ್ ಪ್ರಯೋಗಾಲಯ ಈ ತರುಣ ಎಂಜಿನಿಯರಿಗೆ ಕೊಟ್ಟಿತ್ತು. ಫೋರ್ಡ್ ಕಾರಿನ ಗಾಲಿಗಳ ಮೇಲೆ ಆಂಟೆನಾ ಕೂರಿಸಿ ತಿರುಗಿಸುತ್ತ ಆತ ಸಿಡಿಲನ್ನು ಬೇರೆ ಮಾಡಿದ. ಉಳಿದ ಒಂದು ಸಣ್ಣ ಸುಸ್ಸೆನ್ನುವ ಸದ್ದು ಆಕಾಶಗಂಗೆಯದು ಎಂದು 1933ರಲ್ಲಿ ಜಗತ್ತಿಗೆ ತಿಳಿಸಿದ. ಇನ್ನೊಂದು, ಗ್ರೋಟ್ ರೀಬರ್ ಎಂಬಾತ 1937ರಲ್ಲಿ ಇಲಿನಾಯ್ ರಾಜ್ಯದ ವೀಟನ್ ಊರಿನಲ್ಲಿ, ಮನೆಯ ಪಕ್ಕದ ಜಾಗದಲ್ಲಿ ಸ್ವಂತ ದುಡ್ಡಿನಿಂದ ಕಟ್ಟಿದ ಬೋಗುಣಿ. ಸುಮಾರು ಒಂಬತ್ತೂವರೆ ಮೀಟರ್ ಅಗಲ. ಅದರ ಕೆಳಗೆ ನಿಂತು ತಲೆಯೆತ್ತಿದಾಗ ನನಗೆ ನಮ್ಮಪ್ಪ ನೆನಪಾದರು. ಚಾವಣಿಗೆ ತಾಮ್ರದ ತಂತಿ ಕಟ್ಟಿ, ಸಿಲೋನ್ ಸ್ಟೇಷನ್ನಿಗಾಗಿ ಸಂಜೆಯೆಲ್ಲ ತಿರುಪು ತಿರುಗಿಸುತ್ತಿದ್ದವರು ಅವರು.

ಬೇರೆ ನಕ್ಷತ್ರಗಳ ಲೋಕದಲ್ಲಿ ಯಾರಾದರೂ ಇದ್ದಾರೆಯೇ ಎಂದು ಮನುಷ್ಯ ಮೊತ್ತಮೊದಲು ರೇಡಿಯೋದಲ್ಲಿ ಕಿವಿಗೊಟ್ಟು ಹುಡುಕಿದ್ದೂ ಇಲ್ಲೇ. 1960ರಲ್ಲಿ ಫ್ರಾಂಕ್ ಡ್ರೇಕ್ ಎರಡು ನಕ್ಷತ್ರಗಳ ಕಡೆ 26 ಮೀಟರ್ ದೂರದರ್ಶಕ ತಿರುಗಿಸಿ ಕಾದರು. ಉತ್ತರ ಬರಲಿಲ್ಲ. ಹುಡುಕಾಟ ನಿಂತೂ ಇಲ್ಲ. 1988ರ ನವೆಂಬರ್ 15ರ ರಾತ್ರಿ ಅಲ್ಲಿನ 91 ಮೀಟರಿನ ದೂರದರ್ಶಕ ಇದ್ದಕ್ಕಿದ್ದಂತೆ ಕುಸಿದು ಕಬ್ಬಿಣದ ರಾಶಿಯಾಯಿತು. ಅದರ ಜಾಗ ತುಂಬಲೆಂದೇ ಈಗಿನದನ್ನು ಕಟ್ಟಿದ್ದು. 2000ದಲ್ಲಿ ಅದು ಸಿದ್ಧವಾಯಿತು.

ಇಷ್ಟೆಲ್ಲ ವಿಜ್ಞಾನದ ಹೆಮ್ಮೆ ಸರಿ. ನನ್ನ ಮನಸ್ಸು ಓಡುತ್ತಿದ್ದುದು ಊರಿನವರ ಕಡೆಗೆ. ವೀಕ್ಷಣಾಲಯಕ್ಕೆ ಅಂಟಿಕೊಂಡೇ ಊರಿನ ಶಾಲೆ ಇದೆ. ಎಲ್ಲಿಂದಲಾದರೂ ತೊಂದರೆಯ ಅಲೆ ಕಂಡರೆ ಆಂಟೆನಾ ಹೊತ್ತ ಗಾಡಿ ಹೊರಡುತ್ತದೆ. ನಮ್ಮ ಮಲೆನಾಡಿನಲ್ಲಿ ಐಬೆಕ್ಸ್ ಬೇಲಿ ಅನ್ನುತ್ತೇವಲ್ಲ, ಅಂಥ ವಿದ್ಯುತ್ ಬೇಲಿಯ ತಂತಿಗೆ ಹುಲ್ಲು ತಾಗಿ ಕಿಡಿ ಹಾರಿದರೂ ಸಾಕು. ಅಲ್ಲಿಯ ಜನ ತಲೆಮಾರುಗಳಿಂದ ಇದಕ್ಕೆ ಹೊಂದಿಕೊಂಡಿದ್ದಾರೆ. ಅದು ಸುಖದ ಮಾತೇನಲ್ಲ. ಅಗ್ನಿಶಾಮಕದವರು, ಆಂಬುಲೆನ್ಸಿನವರು ಬೆಟ್ಟದ ಮರೆಯಲ್ಲಿ ಒಬ್ಬರಿಗೊಬ್ಬರು ಸಿಗದೆ ಪರದಾಡುತ್ತಾರೆ ಎಂಬ ದೂರು ಬಹಳ ದಿನಗಳಿಂದ ಇದೆ, ಅದು ನ್ಯಾಯವಾದ ದೂರು. ಈಗ ಎಷ್ಟೋ ಮನೆಗಳಲ್ಲಿ ವೈಫೈ ಬಂದಿದೆ, ಮೊದಲಿನ ಬಿಗಿ ಉಳಿದಿಲ್ಲ. ಆಕಾಶದ ಪಿಸುಮಾತು ಜಗತ್ತಿಗೆಲ್ಲ ಕೇಳಲಿ ಎಂದು 140 ಜನರ ಊರು ಅನುಕೂಲ ಬಿಟ್ಟುಕೊಟ್ಟಿದೆ. ಆ ಋಣವನ್ನು ತೀರಿಸುವ ಕೆಲಸ ಸರಿಯಾಗಿ ಆಗಿಲ್ಲ ಎಂದೇ ನನಗನಿಸಿತು.

ಊರಿಗೆ ಬಂದ ಮೇಲೆ ಗೌರಿಬಿದನೂರಿಗೂ ಹೋಗಿ ಬಂದೆ. ಅಲ್ಲೂ ಬೆಟ್ಟಗಳ ನಡುವಿನ ಬಯಲು. 1976ರಿಂದ, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ನೆಟ್ಟ ಸಾವಿರ ಆಂಟೆನಾಗಳು ಆಕಾಶಕ್ಕೆ ಕಿವಿಗೊಟ್ಟದ್ದು ಅಲ್ಲಿ. ಬೆಂಗಳೂರಿನಿಂದ ಎರಡು ಗಂಟೆಯ ದಾರಿ. ಗ್ರೀನ್ ಬ್ಯಾಂಕ್ ನೋಡುವ ತನಕ ನನಗೆ ಅದರ ಸುಳಿವೇ ಇರಲಿಲ್ಲ.

ಗ್ರೀನ್ ಬ್ಯಾಂಕಿಗೆ ಹೋಗುವವರು ಒಂದು ರಾತ್ರಿ ಪಕ್ಕದ ಕ್ಯಾಸ್‌ನಲ್ಲಿ ಉಳಿಯಿರಿ. 1901ರಲ್ಲಿ ಮರದ ಕಂಪನಿ ಕಟ್ಟಿಸಿದ ಊರು, ಸಾಲು ಸಾಲು ಬಿಳಿ ಮರದ ಮನೆಗಳು. ಆಗ ಮರದ ದಿಮ್ಮಿ ಸಾಗಿಸುತ್ತಿದ್ದ ರೈಲು ಈಗ ಪ್ರವಾಸಿಗರನ್ನು ಹೊತ್ತು ಬೆಟ್ಟ ಏರುತ್ತದೆ. ನಾವು ಉಳಿದದ್ದು ಅಲ್ಲೇ. ಮಾರನೆಯ ಬೆಳಿಗ್ಗೆ ಹೊರಟಾಗ ಅಳಿಯಂದಿರು ಕಾರಿನ ರೇಡಿಯೋ ಹಚ್ಚಿದರು. ಎಫ್‌ಎಂ ಖಾಲಿ. ಮಧ್ಯಮ ತರಂಗಕ್ಕೆ ಹಾಕಿ ತಿರುಗಿಸುತ್ತ ಹೋದಾಗ 1370 ಕಿಲೋಹರ್ಟ್ಸ್‌ನಲ್ಲಿ ಒಂದು ದನಿ ಸಿಕ್ಕಿತು. ಆ ಬೆಟ್ಟದವರೇ 1981ರಲ್ಲಿ ಶುರು ಮಾಡಿಕೊಂಡ ಸಮುದಾಯ ಬಾನುಲಿ. ಒಬ್ಬ ಹೆಂಗಸು ನಿಧಾನವಾಗಿ ಹವಾಮಾನ ಓದುತ್ತಿದ್ದರು: ಮಧ್ಯಾಹ್ನದ ಮೇಲೆ ಮಳೆ, ರಾತ್ರಿ ಚಳಿ. ಫೋನು ಮತ್ತೆ ಜೀವ ಪಡೆದು ಒಂದರ ಹಿಂದೊಂದು ಸಂದೇಶ ಬಂದು ಬೀಳುವವರೆಗೂ ಮೂವರೂ ಆ ದನಿಯನ್ನೇ ಕೇಳುತ್ತ ಕೂತಿದ್ದೆವು.

ನಮಸ್ಕಾರ.